24ನೆಯ ವಾರದ ಗೆರೆ

2023ರ ಅಕ್ಟೋಬರ್ ತಿಂಗಳಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಮೊಕದ್ದಮೆಯೊಂದು ಎಂಟೇ ದಿನಗಳೊಳಗೆ ಮೂರು ತಿರುವುಗಳನ್ನು ಕಂಡಿತು. ಇಬ್ಬರು ಮಕ್ಕಳ ತಾಯಿಯಾದ, 27 ವರ್ಷ ವಯಸ್ಸಿನ ವಿವಾಹಿತ ಮಹಿಳೆಯೊಬ್ಬರು ತಮ್ಮ 26 ವಾರಗಳ ಗರ್ಭವನ್ನು ತೆಗೆಸಲು ಅನುಮತಿ ಬೇಡಿದ್ದರು. ಎರಡನೆಯ ಹೆರಿಗೆಯ ನಂತರ ಬಾಣಂತಿಯರನ್ನು ಕಾಡುವ ಮನೋವ್ಯಾಧಿಗೆ ಅವರು ಚಿಕಿತ್ಸೆ ಪಡೆಯುತ್ತಿದ್ದರು. ಹಾಲೂಡಿಸುತ್ತಿದ್ದ ಅವಧಿಯಲ್ಲಿ ಮುಟ್ಟು ನಿಂತಿದ್ದುದರಿಂದ, ಮತ್ತೊಂದು ಗರ್ಭ ನಿಂತಿರುವುದು ಅವರಿಗೆ ತಿಳಿಯುವಾಗ ಬಹಳ ತಡವಾಗಿತ್ತು. 9ರಂದು ಇಬ್ಬರು ಮಹಿಳಾ ನ್ಯಾಯಮೂರ್ತಿಗಳ ಪೀಠ ಅನುಮತಿ ನೀಡಿತು. ಮರುದಿನ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ವೈದ್ಯರೊಬ್ಬರು ಸರ್ಕಾರದ ವಕೀಲರಿಗೆ ಪತ್ರ ಬರೆದರು. ಶಿಶು ಬದುಕುಳಿಯುವ ಸಂಭವವಿದೆ, ಈಗ ಹೊರತೆಗೆದರೆ ಅದು ಗರ್ಭಪಾತವಾಗದೆ ಅವಧಿಪೂರ್ವ ಹೆರಿಗೆಯಾಗುತ್ತದೆ, ಹಾಗಾಗದಿರಬೇಕಾದರೆ ಮೊದಲು ಅದರ ಹೃದಯಬಡಿತವನ್ನು ನಿಲ್ಲಿಸಬೇಕಾಗುತ್ತದೆ, ನ್ಯಾಯಾಲಯದ ಅಪ್ಪಣೆಯೇನು ಎಂಬುದು ಆ ಪತ್ರದ ತಿರುಳು.

ಆ ಪತ್ರವು ಪೀಠವನ್ನೇ ಸೀಳಿತು. 11ರಂದು ನ್ಯಾಯಮೂರ್ತಿ ಹಿಮಾ ಕೊಹ್ಲಿ ಅವರು, ಮಿಡಿಯುತ್ತಿರುವ ಹೃದಯವನ್ನು ನಿಲ್ಲಿಸಿರೆಂದು ಹೇಳಲು ತಮ್ಮ ಅಂತಃಸಾಕ್ಷಿ ಒಪ್ಪದೆಂದು ಹಿಂದೆ ಸರಿದರು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ತಾಯಿಯ ನಿರ್ಧಾರವನ್ನು ಗೌರವಿಸಬೇಕೆಂದು ಮೊದಲಿನ ಆದೇಶಕ್ಕೇ ಬದ್ಧರಾದರು. ಕೊನೆಗೆ 16ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ನೇತೃತ್ವದ ತ್ರಿಸದಸ್ಯ ಪೀಠ ಅನುಮತಿಯನ್ನು ನಿರಾಕರಿಸಿತು. ಹೆರಿಗೆಯ ವೆಚ್ಚವನ್ನು ಸರ್ಕಾರ ಭರಿಸಬೇಕು, ಮಗುವನ್ನು ದತ್ತು ಕೊಡುವುದಾದರೆ ಆ ನಿರ್ಧಾರ ಹೆತ್ತವರದು ಎಂದಿತು.

ಈ ತೀರ್ಪನ್ನು ಕೆಲವರು ಧರ್ಮಸಭೆಯ ಬೋಧನೆಗೆ ಸಂದ ಜಯವೆಂದು ಕೊಂಡಾಡಿದ್ದುಂಟು. ನನಗೆ ಹಾಗೆ ತೋರುವುದಿಲ್ಲ. ನ್ಯಾಯಾಲಯ ನೋಡಿದ್ದು ಕಾನೂನಿನ ಅಕ್ಷರವನ್ನು. 1971ರ ವೈದ್ಯಕೀಯ ಗರ್ಭಪಾತ ಕಾಯಿದೆಗೆ 2021ರಲ್ಲಿ ತಂದ ತಿದ್ದುಪಡಿಯ ಪ್ರಕಾರ 20 ವಾರಗಳವರೆಗೆ ಒಬ್ಬ ವೈದ್ಯರ, ಕೆಲವು ವರ್ಗದ ಮಹಿಳೆಯರಿಗೆ 24 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು. ಅದನ್ನು ದಾಟಿದರೆ ತಾಯಿಯ ಪ್ರಾಣಕ್ಕೆ ತಕ್ಷಣದ ಅಪಾಯವಿರಬೇಕು, ಇಲ್ಲವೆ ಶಿಶುವಿನಲ್ಲಿ ಗಂಭೀರ ನ್ಯೂನತೆಯಿದೆಯೆಂದು ವೈದ್ಯಮಂಡಳಿ ಹೇಳಬೇಕು. ಈ ಎರಡೂ ಇಲ್ಲದ್ದರಿಂದ ಅನುಮತಿ ಸಿಗಲಿಲ್ಲ. ಅದೇ ತಾಯಿ ಕೆಲವು ವಾರ ಮೊದಲು ಬಂದಿದ್ದರೆ ಪ್ರಕರಣ ದೆಹಲಿಯ ಆ ದೊಡ್ಡ ಕಟ್ಟಡದವರೆಗೆ ಹೋಗುತ್ತಲೇ ಇರಲಿಲ್ಲವೇನೋ.

ಇಲ್ಲಿಯೇ ತತ್ತ್ವಜಿಜ್ಞಾಸೆ ಆರಂಭವಾಗುತ್ತದೆ. 24ನೆಯ ವಾರದ ಆ ಗೆರೆಯ ಈಚೆ ಇದ್ದುದಕ್ಕೂ ಆಚೆ ಇರುವುದಕ್ಕೂ ಸ್ವರೂಪದಲ್ಲಿ ಏನು ವ್ಯತ್ಯಾಸ? ಗರ್ಭದ ಹೊರಗೆ ಬದುಕುಳಿಯುವ ಸಾಮರ್ಥ್ಯ ಎಂಬುದು ಸಾಮಾನ್ಯವಾಗಿ ದೊರೆಯುವ ಉತ್ತರ. ಆದರೆ ಆ ಸಾಮರ್ಥ್ಯ ಶಿಶುವಿನ ಗುಣವೇ? ದೆಹಲಿಯ ಮಹಾಸಂಸ್ಥೆಯ ತೀವ್ರನಿಗಾ ಘಟಕದಲ್ಲಿ ಬದುಕಬಲ್ಲ ಕೂಸು ನಮ್ಮ ಯಾವುದೋ ತಾಲ್ಲೂಕು ಆಸ್ಪತ್ರೆಯಲ್ಲಿ ಬದುಕಲಾರದು. ಐವತ್ತು ವರ್ಷಗಳ ಹಿಂದೆ ಬದುಕದಿದ್ದದ್ದು ಇಂದು ಬದುಕುತ್ತದೆ. ಹಾಗಾದರೆ ನಾವು ಅಳೆಯುತ್ತಿರುವುದು ಯಂತ್ರದ ಶಕ್ತಿಯನ್ನೇ ಹೊರತು ಮಗುವಿನ ಸತ್ತ್ವವನ್ನಲ್ಲ. ಇನ್‌ಕ್ಯುಬೇಟರ್ ಎಷ್ಟು ಹತ್ತಿರದಲ್ಲಿದೆ ಎಂಬುದರ ಮೇಲೆ ಒಬ್ಬರ ಮಾನವ ಘನತೆ ನಿರ್ಧಾರವಾಗುವುದೆಂದರೆ ತರ್ಕ ಅದನ್ನು ಒಪ್ಪುವುದಿಲ್ಲ. ಪರಾವಲಂಬನೆಯೇ ಮಾನದಂಡವಾದರೆ ಹಡೆದ ಮರುದಿನದ ಹಸುಳೆಯೂ, ಹಾಸಿಗೆ ಹಿಡಿದ ವೃದ್ಧರೂ ಅದರಲ್ಲಿ ಸೋಲುತ್ತಾರೆ.

ಗರ್ಭಸ್ಥ ಜೀವವನ್ನು ‘ಮನುಷ್ಯನಾಗಬಹುದಾದದ್ದು’ ಎಂದು ಕರೆಯುವ ವಾಡಿಕೆಯಿದೆ. ಶಕ್ಯತೆ ಮತ್ತು ವಾಸ್ತವತೆ ಎಂಬ ಅರಿಸ್ಟಾಟಲನ ವಿಂಗಡಣೆಯನ್ನು ಗುರುಮಠದಲ್ಲಿ ಓದಿದವರಿಗೆ ಈ ಮಾತಿನ ತೊಡಕು ಬೇಗ ಕಾಣುತ್ತದೆ. ಮರಳು, ಸಿಮೆಂಟು, ಇಟ್ಟಿಗೆಗಳು ಮನೆಯಾಗಬಹುದಾದ ವಸ್ತುಗಳು. ಅವನ್ನು ಜೋಡಿಸುವವನು ಹೊರಗಿನಿಂದ ಬರಬೇಕು. ಭ್ರೂಣ ಹಾಗಲ್ಲ. ತಾಯಿ ಅದಕ್ಕೆ ಅನ್ನ, ಆಶ್ರಯ ನೀಡುತ್ತಾಳೆ, ಬೆಳೆಯುವ ಕೆಲಸವನ್ನು ಅದು ತಾನೇ ಮಾಡುತ್ತದೆ. ಮುಂದೆ ಮಾತನಾಡುವ, ಚಿಂತಿಸುವ, ಪ್ರಾರ್ಥಿಸುವ ವ್ಯಕ್ತಿ ಅದಾಗಲೇ ಅಲ್ಲಿ ಇದ್ದು, ಆ ಶಕ್ತಿಗಳನ್ನು ಇನ್ನೂ ಪ್ರಕಟಿಸಿಲ್ಲ, ಅಷ್ಟೆ. ನಿದ್ರಿಸುತ್ತಿರುವ ವಿದ್ವಾಂಸ ಆ ಹೊತ್ತಿನಲ್ಲಿ ಚಿಂತಿಸುತ್ತಿಲ್ಲವೆಂದು ವಿದ್ವಾಂಸನಲ್ಲದೆ ಹೋಗುವನೆ?

ಧರ್ಮಸಭೆಯ ಇತಿಹಾಸವನ್ನು ಬಲ್ಲ ವಾಚಕರು ಇಲ್ಲಿ ಒಂದು ಆಕ್ಷೇಪವನ್ನೆತ್ತಬಹುದು. ಸಂತ ತೋಮಸ್ ಅಕ್ವಿನಾಸರೇ ಅರಿಸ್ಟಾಟಲನ ಜೀವಶಾಸ್ತ್ರವನ್ನು ನಂಬಿ, ವಿವೇಕಯುತ ಆತ್ಮವು ಗರ್ಭಧಾರಣೆಯ ಕ್ಷಣದಲ್ಲಲ್ಲ, ಅನಂತರ ಬರುತ್ತದೆಂದು ಭಾವಿಸಿದ್ದರಲ್ಲ? ನಿಜ. ಅವರು ಕಾಲವಾದದ್ದು 1274ರಲ್ಲಿ. ಸಸ್ತನಿಗಳ ಅಂಡಾಣುವನ್ನು ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಕಂಡುಹಿಡಿದದ್ದು 1827ರಲ್ಲಿ. ನಡುವಿನ ಐದೂವರೆ ಶತಮಾನ ಕಾಲ ಗರ್ಭದೊಳಗೆ ನಡೆಯುವುದೇನೆಂದು ಯಾರಿಗೂ ಸ್ಪಷ್ಟವಿರಲಿಲ್ಲ. ಹಾಗಿದ್ದೂ ಸಂತ ತೋಮಸರು ಗರ್ಭಪಾತವನ್ನು ಯಾವ ಹಂತದಲ್ಲಿಯೂ ಸರಿಯೆನ್ನಲಿಲ್ಲ. ಪ್ರೇಷಿತರ ನಂತರದ ಮೊದಲ ತಲೆಮಾರುಗಳ ‘ದಿದಾಖೆ’ ಎಂಬ ಕೈಪಿಡಿಯಲ್ಲಿಯೇ ಅದರ ನಿಷೇಧವಿದೆ. ಆತ್ಮವು ಯಾವ ಕ್ಷಣದಲ್ಲಿ ಸೇರುತ್ತದೆಂಬ ಪ್ರಶ್ನೆಯನ್ನು ರೋಮಿನ ವಿಶ್ವಾಸ ಬೋಧನಾ ಪೀಠ 1974ರ ಘೋಷಣೆಯಲ್ಲಿ ಉದ್ದೇಶಪೂರ್ವಕವಾಗಿ ಬದಿಗಿರಿಸಿತು. ಅಲ್ಲಿರುವುದು ಮನುಷ್ಯ ಆಗಿರಬಹುದು ಎಂಬ ಸಂಭವವಿದ್ದರೂ ಕೊಲ್ಲಕೂಡದೆಂಬುದು ಅದರ ವಾದ. ಪೊದೆ ಅಲುಗಿದಾಗ ಒಳಗಿರುವುದು ಜಿಂಕೆಯೋ ಸೌದೆಗೆ ಬಂದ ಹುಡುಗನೋ ಎಂಬ ಸಂಶಯವಿರುವ ಬೇಟೆಗಾರ ಗುಂಡು ಹಾರಿಸಬಾರದಷ್ಟೆ? 1995ರ ಮಾರ್ಚ್ 25ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಹೊರಡಿಸಿದ ‘ಎವಾಂಜೆಲಿಯುಂ ವೀಟೆ’ ವಿಶ್ವಪತ್ರವೂ ಇದೇ ದಾರಿಯಲ್ಲಿ ನಡೆಯುತ್ತದೆ. 2024ರ ಏಪ್ರಿಲ್‌ನಲ್ಲಿ ಪ್ರಕಟವಾದ ‘ದಿಗ್ನಿತಾಸ್ ಇನ್ಫಿನೀತಾ’ ಘೋಷಣೆ ಗರ್ಭಪಾತವನ್ನು ಯುದ್ಧ, ಬಡತನ, ಮಾನವ ಸಾಗಾಟಗಳ ಸಾಲಿನಲ್ಲಿಯೇ ಇಟ್ಟು ಮಾತನಾಡಿತು. ಘನತೆ ಯಾರೋ ಕೊಟ್ಟದ್ದಲ್ಲ, ಆದ್ದರಿಂದ ಯಾರೂ ಕಿತ್ತುಕೊಳ್ಳಲಾಗದು ಎಂಬುದು ಈ ಪಟ್ಟಿಯ ಹಿಂದಿರುವ ಸೂತ್ರ.

ಶುಭಸಂದೇಶಕಾರ ಸಂತ ಲೂಕರು ವೈದ್ಯರಾಗಿದ್ದರೆಂಬುದು ಪರಂಪರೆ. ಎಲಿಜಬೇತಮ್ಮನ ಗರ್ಭದಲ್ಲಿ ನಲಿದಾಡಿದ ಯೊವಾನ್ನನಿಗೂ, ಗೋದಲಿಯಲ್ಲಿ ಮಲಗಿದ್ದ ಯೇಸುಕಂದನಿಗೂ ಅವರು ಬಳಸಿದ ಗ್ರೀಕ್ ಪದ ಒಂದೇ: ‘ಬ್ರೆಫೊಸ್’, ಅಂದರೆ ಶಿಶು. ಒಳಗಿರುವುದಕ್ಕೊಂದು ಹೆಸರು, ಹೊರಗೆ ಬಂದದ್ದಕ್ಕೊಂದು ಹೆಸರು ಅವರಿಗೆ ಬೇಕೆನಿಸಲಿಲ್ಲ. ನಮ್ಮ ಕನ್ನಡದ ಹೆಂಗಸರಿಗೂ ಬೇಕೆನಿಸಿಲ್ಲ. ಬಸುರಿಯನ್ನು ‘ಎರಡು ಜೀವದವಳು’ ಎನ್ನುತ್ತಾರೆ, ‘ಮಗು ಒದೆಯುತ್ತಿದೆ’ ಎನ್ನುತ್ತಾರೆ. ಭ್ರೂಣ ಒದೆಯುತ್ತಿದೆ ಎಂದು ಯಾವ ತಾಯಿಯೂ ಹೇಳಿದ್ದನ್ನು ನಾನು ಕೇಳಿಲ್ಲ. ಕಾನೂನು ಸಹ ಒಂದು ಕಡೆ ಇದನ್ನು ಬಲ್ಲದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 20ನೆಯ ಪ್ರಕರಣದಂತೆ, ತಂದೆ ಸತ್ತಾಗ ಗರ್ಭದಲ್ಲಿದ್ದು ಮುಂದೆ ಜೀವಂತವಾಗಿ ಹುಟ್ಟಿದ ಮಗುವಿಗೆ, ಆಗಲೇ ಹುಟ್ಟಿದ್ದವರಿಗಿರುವಷ್ಟೇ ಆಸ್ತಿಯ ಹಕ್ಕುಂಟು. ಗದ್ದೆಯ ಪಾಲಿಗೆ ವಾರಸುದಾರನಾದ ಕಂದನಿಗೆ ಬದುಕಿನ ಪಾಲಿಲ್ಲವೆಂಬ ವೈಚಿತ್ರ್ಯವನ್ನು ನ್ಯಾಯಶಾಸ್ತ್ರಜ್ಞರೇ ಬಿಡಿಸಬೇಕು.

ಇನ್ನು ನಮ್ಮ ಮನೆಯಂಗಳದ ಮಾತು. 2023ರ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಹೆಣ್ಣುಭ್ರೂಣ ಹತ್ಯೆಯ ಜಾಲವೊಂದನ್ನು ಬಯಲಿಗೆಳೆದರು. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಲಿಂಗ ಪತ್ತೆ ಮಾಡಲಾಗುತ್ತಿತ್ತೆಂದು ಅವರು ತಿಳಿಸಿದರು. ಬೆಲ್ಲ ಬೇಯುವ ಮನೆಯಲ್ಲಿ! 1994ರಿಂದಲೂ ಇದನ್ನು ನಿಷೇಧಿಸುವ ಕಾಯಿದೆಯಿದೆ. ಸಾವಿರ ಗಂಡುಮಕ್ಕಳಿಗೆ ರಾಜ್ಯದಲ್ಲಿ 1991ರಲ್ಲಿ 960 ಇದ್ದ ಹೆಣ್ಣುಮಕ್ಕಳ ಸಂಖ್ಯೆ 2001ರಲ್ಲಿ 946ಕ್ಕೆ ಇಳಿಯಿತು, 2011ರಲ್ಲಿ 948. ಆರು ವರ್ಷದೊಳಗಿನವರ ಲೆಕ್ಕವಿದು. ಆ ಸುದ್ದಿ ಬಂದಾಗ ನಾಡಿಗೆ ನಾಡೇ ಕ್ರುದ್ಧವಾಯಿತು. ಸರಿಯೇ. ಆದರೆ ಭ್ರೂಣ ಯಾರೂ ಅಲ್ಲದಿದ್ದರೆ ಆ ಕ್ರೋಧ ಯಾರ ಪರವಾಗಿ? ಹೆಣ್ಣುಕುಲಕ್ಕೆ ಆಗುವ ಅವಮಾನ, ಸಮಾಜದ ಸಮತೋಲನಕ್ಕೆ ಆಗುವ ಕೇಡು ಎಂದು ಉತ್ತರಿಸುವವರಿದ್ದಾರೆ. ಆ ಉತ್ತರದಲ್ಲಿ ಸತ್ಯಾಂಶವಿದೆ. ಆದರೂ ಓದುಗರ ಕರುಳು ಮಿಡಿದದ್ದು ಅಂಕಿಅಂಶಗಳಿಗಾಗಿ ಅಲ್ಲ, ಹುಟ್ಟದೆ ಹೋದ ಆ ಹುಡುಗಿಯರಿಗಾಗಿ ಎಂದೇ ನನ್ನ ನಂಬಿಕೆ.

ಈ ಬೋಧನೆಯನ್ನು ಕುರಿತು ಬರೆಯುವ ಯಾವ ಕನ್ನಡಿಗ ಗುರುವೂ ಸವಿತಾ ಹಾಲಪ್ಪನವರ್ ಅವರ ಹೆಸರನ್ನು ದಾಟಿ ಹೋಗಲಾಗದು. ಬೆಳಗಾವಿಯ ಮಗಳು, ದಂತವೈದ್ಯೆ, 31 ವರ್ಷ. 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಗೆ 17 ವಾರಗಳ ಗರ್ಭಿಣಿಯಾಗಿ ಸೇರಿದರು. ಗರ್ಭ ಉಳಿಯುವುದಿಲ್ಲವೆಂದು ವೈದ್ಯರೇ ಹೇಳಿದ್ದರು. ಗರ್ಭವನ್ನು ತೆಗೆಯಿರೆಂದು ಕೇಳಿಕೊಂಡಾಗ, ಶಿಶುವಿನ ಹೃದಯ ಇನ್ನೂ ಬಡಿಯುತ್ತಿದೆಯೆಂದು ನಿರಾಕರಿಸಲಾಯಿತು. ಇದು ಕಥೋಲಿಕ ದೇಶ ಎಂಬ ಮಾತನ್ನು ಶುಶ್ರೂಷಕಿಯೊಬ್ಬರು ಆಡಿದ್ದು ವಿಚಾರಣೆಯಲ್ಲಿ ದಾಖಲಾಗಿದೆ. ರಕ್ತಕ್ಕೆ ನಂಜೇರಿ ಅದೇ 28ರಂದು ಸವಿತಾ ತೀರಿಕೊಂಡರು. ಸೋಂಕಿನ ಲಕ್ಷಣಗಳನ್ನು ಸಕಾಲದಲ್ಲಿ ಗುರುತಿಸಿ ಚಿಕಿತ್ಸೆ ನೀಡುವುದರಲ್ಲಿ ಲೋಪಗಳಾದುವೆಂದು 2013ರ ತನಿಖೆ ಹೇಳಿತು. 2018ರ ಮೇ 25ರಂದು ಐರಿಷ್ ಜನ 66 ಶೇಕಡಕ್ಕೂ ಹೆಚ್ಚು ಮತಗಳಿಂದ ತಮ್ಮ ಸಂವಿಧಾನದ ಗರ್ಭಪಾತ ನಿಷೇಧವನ್ನು ಕಿತ್ತುಹಾಕಿದರು.

ಈ ಸಾವಿಗೆ ಧರ್ಮಸಭೆಯ ಬೋಧನೆ ಕಾರಣವೇ? ನೇರವಾಗಿ ಹೇಳುತ್ತೇನೆ: ಆ ಬೋಧನೆಯನ್ನು ಸರಿಯಾಗಿ ತಿಳಿದವರು ಸವಿತಾರನ್ನು ಸಾಯಗೊಡಬೇಕಾಗಿರಲಿಲ್ಲ. ದ್ವಿಪರಿಣಾಮ ತತ್ತ್ವವೆಂದು ನಾವು ಕಲಿತ ನಿಯಮವೊಂದಿದೆ. ಒಂದು ಕ್ರಿಯೆಯಿಂದ ಒಳಿತು ಕೆಡುಕು ಎರಡೂ ಉಂಟಾಗುವಾಗ, ಕ್ರಿಯೆ ತನ್ನಷ್ಟಕ್ಕೆ ಕೆಟ್ಟದಾಗಿರದೆ, ಕೆಡುಕನ್ನು ನಾವು ಬಯಸದೆ, ಕೆಡುಕಿನ ಮೂಲಕವೇ ಒಳಿತನ್ನು ಸಾಧಿಸದೆ, ಕಾರಣ ತಕ್ಕಷ್ಟು ಗುರುತರವಾಗಿದ್ದರೆ ಅದನ್ನು ಮಾಡಬಹುದು. ಗರ್ಭಕೋಶದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಗರ್ಭನಾಳದಲ್ಲಿ ಗರ್ಭ ನಿಂತಾಗ ಕೆಟ್ಟ ನಾಳವನ್ನು ತೆಗೆಯುವುದು ಇದರ ಹಳೆಯ ಉದಾಹರಣೆಗಳು. ನಂಜಿನ ಮೂಲವೇ ಗರ್ಭಕೋಶದಲ್ಲಿರುವಾಗ ಆ ನಂಜನ್ನು ಹೊರಹಾಕಲು ಹೆರಿಗೆಯನ್ನು ಪ್ರಚೋದಿಸುವುದನ್ನೂ ಅನೇಕ ಕಥೋಲಿಕ ನೀತಿಶಾಸ್ತ್ರಜ್ಞರು ಇದೇ ನಿಯಮದಡಿ ಒಪ್ಪುತ್ತಾರೆ. ಸಿದ್ಧಾಂತ ಅರಿಯದೆ ಅದರ ಭಯವನ್ನಷ್ಟೇ ಅರಿತವರ ಕೈಯಲ್ಲಿ ಅದು ಅಪಾಯಕಾರಿ ಎಂಬುದನ್ನು ಮಾತ್ರ ನಾವು ಒಪ್ಪಿಕೊಳ್ಳಲೇಬೇಕು. ನಮ್ಮ ಆಸ್ಪತ್ರೆಗಳನ್ನು ನಡೆಸುವ ಧರ್ಮಭಗಿನಿಯರು ಈ ವಿಷಯವನ್ನು ತಮ್ಮ ವೈದ್ಯರೊಡನೆ ಕುಳಿತು ಚರ್ಚಿಸುವುದು ಒಳಿತು.

2004ರಲ್ಲಿ ಸಂತಳೆಂದು ಘೋಷಿತಳಾದ ಇಟಲಿಯ ವೈದ್ಯೆ ಜಿಯಾನ್ನಾ ಬೆರೆತ್ತಾ ಮೊಲ್ಲಾ ತನ್ನ ನಾಲ್ಕನೆಯ ಮಗುವಿಗಾಗಿ ಪ್ರಾಣವನ್ನು ಪಣಕ್ಕಿಟ್ಟು 1962ರಲ್ಲಿ ತೀರಿಕೊಂಡಳು. ಅವಳನ್ನು ಪ್ರವಚನಗಳಲ್ಲಿ ಸ್ಮರಿಸುವ ಗುರುಗಳು ಒಂದನ್ನು ಸೇರಿಸಿ ಹೇಳಬೇಕು: ತ್ಯಾಗವನ್ನು ಆಕೆ ತಾನೇ ಆರಿಸಿಕೊಂಡಳು. ಪರರು ಹೇರುವ ವೀರತ್ವಕ್ಕೆ ಬೇರೆ ಹೆಸರಿದೆ.

ನಮ್ಮ ಸಮುದಾಯದ ನಡೆಯೂ ಪರೀಕ್ಷೆಗೆ ಒಳಪಡಬೇಕು. ಮದುವೆಗೆ ಮುನ್ನ ಬಸಿರಾದ ಹುಡುಗಿ ಬಲಿಪೂಜೆಗೆ ಬಂದರೆ ಪಕ್ಕದ ಬೆಂಚು ಖಾಲಿಯಾಗುತ್ತದೆ. ಹುಡುಗನ ಬಗ್ಗೆ ಯಾರೂ ಕೇಳುವುದಿಲ್ಲ. ಮನೆಯ ಮಾನ ಉಳಿಸಲೆಂದು ತಂದೆತಾಯಿಯರೇ ಅವಳನ್ನು ದೂರದ ನಗರದ ನರ್ಸಿಂಗ್ ಹೋಂಗೆ ಕರೆದೊಯ್ದು, ಮುಂದಿನ ಭಾನುವಾರ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಇಂತಹ ಕಡೆ ಗರ್ಭಪಾತವನ್ನು ಮಾಡಿಸಿದ್ದು ಹುಡುಗಿಯೋ ನಮ್ಮ ನಾಲಿಗೆಯೋ? ಮಗುವನ್ನು ಸಾಕಲಾಗದ ತಾಯಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅದನ್ನು ಒಪ್ಪಿಸಬಹುದು, ಮನಸ್ಸು ಬದಲಿಸಲು ಎರಡು ತಿಂಗಳ ಕಾಲಾವಕಾಶವೂ ಇದೆ ಎಂಬ ಮಾಹಿತಿ ನಮ್ಮ ಎಷ್ಟು ಮನೆಗಳಿಗೆ ಗೊತ್ತು?

ಕೊನೆಯದಾಗಿ, ಈಗಾಗಲೇ ಗರ್ಭಪಾತ ಮಾಡಿಸಿಕೊಂಡು, ಅದನ್ನು ಯಾರಿಗೂ ಹೇಳದೆ ವರ್ಷಗಟ್ಟಲೆ ಹೊತ್ತು ನಡೆದಿರುವ ತಾಯಂದಿರಿಗೆ ಒಂದು ಮಾತು. ಇದನ್ನು ಓದುತ್ತಿರುವವರಲ್ಲಿ ಅವರು ಖಂಡಿತ ಇದ್ದಾರೆ. ಧರ್ಮಸಭೆಯ ಕಾನೂನು ಈ ಪಾಪಕ್ಕೆ ಬಹಿಷ್ಕಾರದ ಶಿಕ್ಷೆ ವಿಧಿಸುವುದು ನಿಜ. ಆದರೆ 16 ವರ್ಷ ತುಂಬದವಳಿಗೆ ಆ ಶಿಕ್ಷೆ ಇಲ್ಲ. ತನ್ನ ತಪ್ಪಿಲ್ಲದೆ ಶಿಕ್ಷೆಯ ವಿಷಯ ಅರಿಯದಿದ್ದವಳಿಗೂ, ತೀವ್ರ ಭಯಕ್ಕೆ ಒಳಗಾಗಿದ್ದವಳಿಗೂ ಅದು ತಾನಾಗಿಯೇ ತಗುಲುವುದಿಲ್ಲ. ಒತ್ತಾಯಿಸಿದ ಗಂಡ, ಹಣ ಕೊಟ್ಟ ಅಪ್ಪ, ಜೊತೆಗೆ ಹೋದ ಅತ್ತೆ ತಮ್ಮ ಪಾಲಿನ ಹೊಣೆಯಿಂದ ತಪ್ಪಿಸಿಕೊಳ್ಳಲಾರರು. ಮೊದಲು ಇದರ ಪರಿಹಾರಕ್ಕೆ ಧರ್ಮಾಧ್ಯಕ್ಷರ ಅನುಮತಿ ಬೇಕಾಗುತ್ತಿದ್ದ ಸಂದರ್ಭಗಳಿದ್ದವು. 2016ರ ನವೆಂಬರ್ 20ರಂದು ಜಗದ್ಗುರು ಫ್ರಾನ್ಸಿಸರು ಎಲ್ಲ ಗುರುಗಳಿಗೂ ಈ ಪಾಪದ ಕ್ಷಮಾದಾನ ನೀಡುವ ಅಧಿಕಾರವನ್ನು ಕೊಟ್ಟರು. ಆದ್ದರಿಂದ ಯಾವ ಧರ್ಮಕೇಂದ್ರದ ಯಾವ ಗುರುವಿನ ಬಳಿಗಾದರೂ ಹೋಗಬಹುದು. ತಮ್ಮ ಊರಿನ ಗುಡಿಯಲ್ಲಿ ಸಂಕೋಚವಾದರೆ ಪಕ್ಕದ ಊರಿಗೆ ಹೋಗಬಹುದು. ಹೆಸರು, ಮನೆ ಯಾವುದನ್ನೂ ಹೇಳಬೇಕಾಗಿಲ್ಲ, ತೆರೆಯ ಹಿಂದೆ ಮೊಣಕಾಲೂರಿದವರು ಯಾರೆಂದು ಗುರುಗಳು ಕೇಳುವುದೂ ಇಲ್ಲ.