ಸಮತಟ್ಟು ತಾರಸಿಗೆ ಯಾವ ಹೊದಿಕೆ?

ಮಳೆಗಾಲ ಬಂದಿತೆಂದರೆ ಹೈದರಾಬಾದಿನಲ್ಲಿ ಹೋಟೆಲು, ಅಂಗಡಿ, ಕಲ್ಯಾಣ ಮಂಟಪ ನಡೆಸುತ್ತಿರುವ ನಮ್ಮ ಕನ್ನಡಿಗ ಬಂಧುಗಳಿಂದ ಕೇಳಿಬರುವ ಮೊದಲ ದೂರು ತಾರಸಿ ಸೋರುವುದರ ಬಗ್ಗೆ. ಗುತ್ತಿಗೆದಾರನನ್ನು ಕರೆಸುತ್ತೇವೆ, ಅವನು ಚದರಡಿಗೆ ಇಷ್ಟೆಂದು ದರ ಹೇಳುತ್ತಾನೆ, ಕಡಿಮೆ ಹೇಳಿದವನಿಗೆ ಕೆಲಸ ಒಪ್ಪಿಸುತ್ತೇವೆ. ಎರಡು ಮೂರು ವರ್ಷ ಕಳೆಯುವುದರೊಳಗೆ ಮತ್ತೆ ಬಕೆಟ್ಟು ಇಡುವ ಪಾಡು. ಹೊದಿಕೆಯ ಹಾಳೆಯನ್ನು, ಅಂದರೆ ಮೆಂಬ್ರೇನನ್ನು, ಆರಿಸುವಾಗ ಮಳೆಯೊಂದನ್ನೇ ಲೆಕ್ಕಕ್ಕೆ ಹಿಡಿದು ಬಿಸಿಲನ್ನು ಮರೆಯುವುದೇ ಇದಕ್ಕೆ ಮುಖ್ಯ ಕಾರಣವೆಂದು ನಾವು ಭಾವಿಸುತ್ತೇವೆ.

ಈ ನಗರಕ್ಕೆ ವರ್ಷಕ್ಕೆ ಬೀಳುವ ಮಳೆ ಸುಮಾರು 80 ಸೆಂಟಿಮೀಟರು, ಅದರ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ. ಬಿಸಿಲಾದರೋ ಹೆಚ್ಚುಕಡಿಮೆ ವರ್ಷವಿಡೀ. ಮೇ ತಿಂಗಳ ಮಧ್ಯಾಹ್ನ ಕಪ್ಪು ತಾರಸಿಯ ಮೈ 65 ಡಿಗ್ರಿಯನ್ನೂ ದಾಟಿ ಕಾಯುತ್ತದೆ, ರಾತ್ರಿ ಆರುತ್ತದೆ. ದಿನವೂ ಹೀಗೆ ಹಿಗ್ಗಿ ಕುಗ್ಗುವ ಹಾಳೆಯ ಬೆಸುಗೆ ಬಿಡುತ್ತದೆ, ಅಂಚು ಏಳುತ್ತದೆ. ಮಳೆ ಬಂದಾಗ ನಮಗೆ ತಿಳಿಯುತ್ತದೆ, ಅಷ್ಟೆ. ಸುಣ್ಣ, ಇಟ್ಟಿಗೆ ಜಲ್ಲಿ, ಬೆಲ್ಲದ ನೀರು ಸೇರಿಸಿ ಬಡಿದ ಹಳೆಯ ಗಚ್ಚಿನ ತಾರಸಿ ದಪ್ಪವಾಗಿದ್ದು ಈ ಕಾವನ್ನು ತಡೆಯುತ್ತಿತ್ತು. ತೆಳ್ಳನೆಯ ಕಾಂಕ್ರೀಟು ಹಲಗೆಗೆ ಆ ಗುಣವಿಲ್ಲ.

ಇಂದು ಎಲ್ಲೆಡೆ ದೊರೆಯುವುದು ಎಪಿಪಿ ಎಂಬ ಪ್ಲಾಸ್ಟಿಕ್ ಬೆರೆತ ಡಾಂಬರು ಹಾಳೆ. 3 ಅಥವಾ 4 ಮಿಲಿಮೀಟರು ದಪ್ಪವಿದ್ದು, ಗ್ಯಾಸ್ ಬೆಂಕಿಯಿಂದ ಕಾಯಿಸಿ ಅಂಟಿಸುತ್ತಾರೆ. ದರ ಕಡಿಮೆ, ಕೆಲಸ ಬಲ್ಲವರೂ ಹೇರಳ. ಆದರೆ ಬರಿಯ ಕಪ್ಪು ಹಾಳೆಯನ್ನು ಬಿಸಿಲಿಗೆ ತೆರೆದು ಬಿಡಬಾರದು. ಮೇಲೆ ಕಲ್ಲಿನ ಹರಳು ಹೊದ್ದ ಹಾಳೆಯನ್ನೇ ಕೊಳ್ಳಬೇಕು, ಇಲ್ಲವೇ ಗಾರೆ ಹಾಕಿ ಬಿಳಿ ಹಂಚು ಕೂರಿಸಬೇಕು. ಇಪಿಡಿಎಂ ಎಂಬ ಕೃತಕ ರಬ್ಬರು ಬಿಸಿಲನ್ನು ಚೆನ್ನಾಗಿ ತಾಳುತ್ತದೆ, ಎಳೆದರೆ ಹಿಗ್ಗುತ್ತದೆ. ಆದರೆ ಸಾಮಾನ್ಯವಾಗಿ ಕಪ್ಪು ಬಣ್ಣದ್ದು, ಜೋಡಣೆಯೂ ಅಂಟಿನ ಪಟ್ಟಿಯದು.

ಟಿಪಿಒ ಮತ್ತು ಪಿವಿಸಿ ಹಾಳೆಗಳು ಬಿಳಿಯ ಬಣ್ಣದಲ್ಲಿ ದೊರೆಯುತ್ತವೆ. ಬಿಸಿ ಗಾಳಿಯಿಂದ ಬೆಸೆದರೆ ಎರಡು ಹಾಳೆ ಒಂದೇ ಆಗುತ್ತವೆ. ದರ ಹೆಚ್ಚು, ಬೆಸೆಯುವ ಯಂತ್ರವೂ ನುರಿತ ಕೈಯೂ ಬೇಕು. ಹೋಟೆಲಿನವರು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಅಡುಗೆಮನೆಯ ಹೊಗೆ ಕೊಳವೆ ತಾರಸಿಯ ಮೇಲೆ ಉಗುಳುವ ಎಣ್ಣೆಜಿಡ್ಡು ಡಾಂಬರನ್ನೂ ಇಪಿಡಿಎಂ ರಬ್ಬರನ್ನೂ ಕೆಡಿಸುತ್ತದೆ. ಅದನ್ನು ತಾಳುವುದರಲ್ಲಿ ಪಿವಿಸಿ ಮೇಲು. ಆದರೆ ಹಳೆಯ ಡಾಂಬರಿನ ಮೇಲೆ ಪಿವಿಸಿಯನ್ನು ನೇರವಾಗಿ ಹಾಸಿದರೆ ಅದರ ಮೃದುತ್ವ ಹೋಗಿ ಬಿರುಸಾಗುತ್ತದೆ. ನಡುವೆ ಬಟ್ಟೆಯಂಥ ಪದರವೊಂದು ಇರಲೇಬೇಕು.

ಬಿಳಿಯ ಬಣ್ಣವೆಂದರೆ ಬರಿಯ ಅಂದವಲ್ಲ. ನಮ್ಮ ನಗರದ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯವರು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರೊಡನೆ ಕೂಡಿ, ಇಲ್ಲಿಯೇ ಎರಡು ವಾಣಿಜ್ಯ ಕಟ್ಟಡಗಳ ತಾರಸಿಗಳನ್ನು ಅಳೆದು ನೋಡಿದರು. 2012ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ಕಪ್ಪು ತಾರಸಿಯನ್ನು ಬಿಳಿಯಾಗಿಸಿದರೆ ಚದರ ಮೀಟರಿಗೆ ವರ್ಷಕ್ಕೆ 20ರಿಂದ 22 ಯೂನಿಟ್ಟು, ಬರಿಯ ಕಾಂಕ್ರೀಟು ತಾರಸಿಯನ್ನು ಬಿಳಿಯಾಗಿಸಿದರೆ 13ರಿಂದ 14 ಯೂನಿಟ್ಟು ವಿದ್ಯುತ್ತು ಉಳಿಯುತ್ತದೆ. ಹವಾನಿಯಂತ್ರಣವಿರುವ ಕಟ್ಟಡದ ಮೇಲೆ 5,000 ಚದರಡಿಯ ಕಪ್ಪು ತಾರಸಿಯಿದ್ದರೆ ಈ ಲೆಕ್ಕದಲ್ಲಿ ಉಳಿತಾಯ ವರ್ಷಕ್ಕೆ 9,000 ಯೂನಿಟ್ಟಿಗೂ ಮಿಗಿಲು. ಹಾಳೆಯ ದರದ ವ್ಯತ್ಯಾಸವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ತೆಲಂಗಾಣ ಸರ್ಕಾರವು 2023ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ತಂಪು ಛಾವಣಿ ನೀತಿಯೂ ವಾಣಿಜ್ಯ ಕಟ್ಟಡಗಳಿಗೆ ಇಂಥ ಛಾವಣಿಯನ್ನು ಕಡ್ಡಾಯವೆಂದಿದೆ. ಧೂಳು ಕುಳಿತರೆ ಬಿಳುಪಿನ ಗುಣ ಕುಂದುವುದರಿಂದ ಆಗಾಗ ತೊಳೆಸುವ ಶ್ರಮ ತಪ್ಪಿದ್ದಲ್ಲ.

ಕೊಳವೆ, ಕಂಬಗಳು ಕಿಕ್ಕಿರಿದ ತಾರಸಿಗೆ ಹಾಳೆಗಿಂತ ಬಳಿಯುವ ಪಾಲಿಯುರೆಥೇನ್ ಅನುಕೂಲ. ಅದರಲ್ಲಿ ಜೋಡಣೆಯೇ ಇಲ್ಲ. ದಪ್ಪ ಸರಿಯಾಗಿ ಬಿತ್ತೋ ಇಲ್ಲವೋ ಎಂದು ನಿಂತು ನೋಡುವವರು ಮಾತ್ರ ಬೇಕು. ಸೌರಫಲಕ ಕೂರಿಸುವ ಯೋಚನೆಯಿದ್ದರೆ ಹೊದಿಕೆಯ ಕೆಲಸಕ್ಕೆ ಮೊದಲೇ ಹೇಳಬೇಕು. ಹಾಸಿದ ಹಾಳೆಯನ್ನು ಆಮೇಲೆ ಬೋಲ್ಟುಗಳಿಂದ ಕೊರೆದವರ ಗೋಳನ್ನು ನಾವು ಸಾಕಷ್ಟು ಕೇಳಿದ್ದೇವೆ.

ಯಾವ ಹಾಳೆಯಾದರೂ ತಾರಸಿಗೆ ವಾಟ ಸರಿಯಿಲ್ಲದಿದ್ದರೆ ಹಣ ನೀರಿನಲ್ಲಿ ಹೋಮ. ನೂರಕ್ಕೆ ಒಂದರಷ್ಟು, ಅಂದರೆ ಹತ್ತು ಅಡಿಗೆ ಸುಮಾರು ಒಂದೂಕಾಲು ಅಂಗುಲ ಇಳಿಜಾರು ಬೇಕು. 2000ದ ಆಗಸ್ಟ್ 24ರಂದು ಬೇಗಂಪೇಟೆಯಲ್ಲಿ ಒಂದೇ ದಿನಕ್ಕೆ 24 ಸೆಂಟಿಮೀಟರು ಮಳೆ ಸುರಿದುದನ್ನು ಹಿರಿಯರು ಮರೆತಿಲ್ಲ. ನೀರು ಇಳಿಯುವ ಕೊಳವೆಗಳ ಬಾಯಿ ಅಂಥ ದಿನಕ್ಕೂ ಸಾಲುವಂತಿರಬೇಕು. ಪ್ಯಾರಾಪೆಟ್ ಗೋಡೆಯ ಬುಡವನ್ನು ಗಾರೆಯಿಂದ ದುಂಡಗೆ ಮಾಡಿ ಹಾಳೆಯನ್ನು ಗೋಡೆಯ ಮೇಲೂ ಏರಿಸಬೇಕು. ನಾವು ಕಂಡಂತೆ ಸೋರಿಕೆ ಹೆಚ್ಚಾಗಿ ಹುಟ್ಟುವುದು ಈ ಮೂಲೆಗಳಲ್ಲಿ ಮತ್ತು ಕೊಳವೆಯ ಬಾಯಿಯಲ್ಲಿ, ಬಯಲಿನಲ್ಲಲ್ಲ.

ಕೆಲಸವನ್ನು ಮಾರ್ಚ್, ಏಪ್ರಿಲ್ ತಿಂಗಳಲ್ಲಿ, ಕಾಂಕ್ರೀಟು ಪೂರ್ತಿ ಒಣಗಿರುವಾಗ ಮಾಡಿಸಬೇಕು. ಒದ್ದೆಯ ಮೇಲೆ ಹಾಸಿದ ಹಾಳೆ ಬಿಸಿಲಿಗೆ ಗುಳ್ಳೆ ಏಳುತ್ತದೆ. ಮುಗಿದ ಮೇಲೆ ಕೊಳವೆಗಳ ಬಾಯಿ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಸೀಲಿಂಗನ್ನು ಮೂಲೆಮೂಲೆಯಾಗಿ ಪರೀಕ್ಷಿಸಬೇಕು. 5 ಸೆಂಟಿಮೀಟರು ನೀರೆಂದರೆ ಚದರ ಮೀಟರಿಗೆ 50 ಕಿಲೋ ಭಾರ, ಆದ್ದರಿಂದ ಹಳೆಯ ಕಟ್ಟಡವಾದರೆ ಎಂಜಿನಿಯರನ್ನು ಕೇಳಿಯೇ ನಿಲ್ಲಿಸುವುದು ಕ್ಷೇಮ. ಗುತ್ತಿಗೆದಾರನ ಕೊನೆಯ ಕಂತನ್ನು ಈ ಪರೀಕ್ಷೆ ಮುಗಿದ ಮೇಲೆಯೇ ಕೊಡುವುದೆಂದು ಕರಾರಿನಲ್ಲಿ ಮೊದಲೇ ಬರೆಸಿಕೊಳ್ಳಿ.