ಕೋವಿ ಮುಟ್ಟಲಿಲ್ಲ, ಕಾಡು ಸುತ್ತಿ ಬಂದೆ

"ಶನಿವಾರ ಶೂಟಿಂಗ್ ರೇಂಜ್‌ಗೆ ಬರ್ತೀಯಾ?" ಅಂತ ಟೀಮಿನ ಅಮೆರಿಕನ್ ಗೆಳೆಯ ಕೇಳಿದಾಗ ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟೆ. ಮಲೆನಾಡಿನವನು ನಾನು. ಅಜ್ಜನ ಹತ್ತಿರ ಲೈಸೆನ್ಸ್ ಕೋವಿ ಇತ್ತು. ಚುನಾವಣೆ ಬಂದರೆ ಅದು ಪೊಲೀಸ್ ಠಾಣೆಗೆ ಹೋಗೋದು, ಮುಗಿದ ಮೇಲೆ ಮನೆಗೆ ಬರೋದು. ನಾವು ಮಕ್ಕಳು ಹತ್ತಿರ ಸುಳಿದರೂ ಬೈಗುಳ. ಆ ಆಸೆ ಸೇಂಟ್ ಲೂಯಿಸ್‌ನಲ್ಲಾದರೂ ತೀರುತ್ತೆ ಅಂದುಕೊಂಡೆ.

ಶುಕ್ರವಾರ ರಾತ್ರಿ ಹೆಂಡತಿ ಕೇಳಿದಳು, "ರೀ, ನಮ್ಮ ವೀಸಾಗೆ ಇದು ನಡೆಯುತ್ತಾ?"

ನಡೆಯಲ್ಲ! ಎಚ್-1ಬಿಯಂಥ ತಾತ್ಕಾಲಿಕ ವೀಸಾದ ಮೇಲೆ ಬಂದವರು ಬಂದೂಕು, ಗುಂಡು ಇಟ್ಟುಕೊಳ್ಳುವುದು ಇಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ. ಅಮೆರಿಕದಲ್ಲಿ ಪಡೆದ ಬೇಟೆ ಪರ್ಮಿಟ್ ಇದ್ದವರಿಗೆ, ಹೀಗೆ ಕೆಲವರಿಗೆ ಮಾತ್ರ ವಿನಾಯಿತಿ. 2019ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋದ ರೆಹೈಫ್ ಪ್ರಕರಣ ಶುರುವಾಗಿದ್ದೂ ಫ್ಲೋರಿಡಾದ ಒಂದು ರೇಂಜ್‌ನಿಂದಲೇ. ವಿಶ್ವವಿದ್ಯಾಲಯ ಹೊರಹಾಕಿದ ಮೇಲೆ ಸ್ಟೂಡೆಂಟ್ ವೀಸಾದ ಮಾನ್ಯತೆ ಕಳೆದುಕೊಂಡಿದ್ದ ಹುಡುಗ ಅಲ್ಲಿ ಗುಂಡು ಹಾರಿಸಿದ್ದ. ಅವನ ಸ್ಥಿತಿ ಅವನಿಗೆ ಗೊತ್ತಿತ್ತು ಅಂತಲೂ ಸರ್ಕಾರ ಸಾಬೀತು ಮಾಡಬೇಕು ಅಂತ ಕೋರ್ಟ್ ಹೇಳಿತು. ಆದರೆ ಅಷ್ಟು ದೂರ ಅಲೆಯೋದು ಯಾರಿಗೆ ಬೇಕು? ಒಂದು ಫೋಟೊ ಆಸೆಗೆ ಗ್ರೀನ್ ಕಾರ್ಡ್ ಕನಸನ್ನೇ ಒತ್ತೆ ಇಡ್ತಿದ್ದೆ.

ಗೆಳೆಯನಿಗೆ ವಿಷಯ ಹೇಳಿದೆ. "ಸುಮ್ನೆ ನೋಡೋಕೆ ಬಾ" ಅಂದ. ಹೋದೆವು.

ಆಗಸ್ಟ್ ಎ. ಬುಶ್ ಕನ್ಸರ್ವೇಶನ್ ಏರಿಯಾ ಸುಮಾರು 7,000 ಎಕರೆ. ಎರಡನೇ ಮಹಾಯುದ್ಧದಲ್ಲಿ ಟಿಎನ್‌ಟಿ ಸ್ಫೋಟಕ ಇಟ್ಟಿದ್ದ ಕಾಂಕ್ರೀಟ್ ಬಂಕರ್‌ಗಳು ಹುಲ್ಲು ಹೊದ್ದು ಇನ್ನೂ ಅಲ್ಲೇ ಕೂತಿವೆ. ಅದೇ ಜಾಗದಲ್ಲಿ ಈಗ ಮೀನಿನ ಕೆರೆಗಳು, ಕಾಲುದಾರಿಗಳು, ಒಂದು ರೇಂಜ್.

ರೇಂಜ್ ನಾನು ಅಂದುಕೊಂಡಷ್ಟು ಸಿನಿಮಾ ಥರ ಇರಲಿಲ್ಲ. ಕಾಗದದ ಗುರಿ, ಅದರ ಹಿಂದೆ ಗುಂಡು ತಡೆಯೋ ಮಣ್ಣಿನ ದಿಬ್ಬ. ಎಲ್ಲರ ಕಿವಿಗೂ ಕಣ್ಣಿಗೂ ರಕ್ಷಣೆ. ಸಿಬ್ಬಂದಿ "ನಿಲ್ಲಿಸಿ" ಅಂದ ತಕ್ಷಣ ಬಂದೂಕು ಖಾಲಿ ಮಾಡಿ, ಎಲ್ಲರೂ ಗೆರೆಯಿಂದ ಹಿಂದೆ. ಆಮೇಲೇ ಗುರಿ ಬದಲಿಸೋಕೆ ಹೋಗೋದು. ನವೆಂಬರ್‌ನ ಜಿಂಕೆ ಬೇಟೆಗೆ ಮುಂಚೆ ಬಂದೂಕಿನ ಗುರಿ ಸರಿಮಾಡಿಕೊಳ್ಳೋಕೆ ಜನ ಬರ್ತಾರೆ. ಇಂಥ ಜಾಗ ಇಲ್ಲದಿದ್ದರೆ ಅವರು ಕಾಡಿನಲ್ಲಿ ಸಿಕ್ಕಸಿಕ್ಕಲ್ಲಿ ಹೊಡೀತಿದ್ದರು ಅಂದ ಗೆಳೆಯ. ನಿಜ ಅನ್ನಿಸಿತು.

ದುಡ್ಡಿನ ಲೆಕ್ಕ ಕೇಳಿದ ಮೇಲೆ ನನಗೆ ಇನ್ನೂ ಆಶ್ಚರ್ಯ. ಇಲ್ಲಿ ಬಂದೂಕು, ಗುಂಡು ತಯಾರಿಸುವವರ ಮೇಲೆ ಶೇ 10-11ರಷ್ಟು ಫೆಡರಲ್ ತೆರಿಗೆ ಇದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ಆ ಹಣ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತೆ. ಬೇಟೆ ತರಬೇತಿ, ರೇಂಜ್ ಕಟ್ಟೋದು ಕೂಡ ಅದರಲ್ಲೇ. ಮಿಸೌರಿಯವರು ಅಲ್ಲಿಗೇ ನಿಲ್ಲಲಿಲ್ಲ. 1976ರಲ್ಲಿ ಮತ ಹಾಕಿ ತಮ್ಮ ಮೇಲೆ ತಾವೇ ಇನ್ನೊಂದು ತೆರಿಗೆ ಹಾಕಿಕೊಂಡರು: ಪ್ರತಿ 8 ಡಾಲರ್ ಖರೀದಿಗೆ 1 ಸೆಂಟ್, ಕಾಡು ಮತ್ತು ಪ್ರಾಣಿಗಳ ಸಂರಕ್ಷಣೆಗೆ. ದಿನಸಿಗೂ ಇದು ಉಂಟು.

ಅಂದರೆ, ನಾವು ಇಂಡಿಯನ್ ಸ್ಟೋರಲ್ಲಿ ತೊಗರಿಬೇಳೆ ತಗೊಂಡಾಗೆಲ್ಲ ಈ ಕಾಡಿಗೂ ಕೊಡ್ತಿದ್ದೇವೆ! ಮತ ಹಾಕೋ ಹಾಗಿಲ್ಲ, ಬಂದೂಕು ಹಿಡಿಯೋ ಹಾಗಿಲ್ಲ. ಆದರೂ ಈ ಕಾಲುದಾರಿಯಲ್ಲಿ ನಡೆಯೋಕೆ ಯಾರೂ ವೀಸಾ ಕೇಳಲ್ಲ, ಟಿಕೆಟ್ಟೂ ಇಲ್ಲ. ಮೂರು ವರ್ಷದಿಂದ ದುಡ್ಡು ಕಟ್ಟಿ, ವೀಕೆಂಡ್ ಪೂರ್ತಿ ಮಾಲ್‌ನಲ್ಲಿ ಕಳೆದಿದ್ದೆವಲ್ಲ ಅಂತ ಇಬ್ಬರಿಗೂ ನಗು ಬಂತು.

ನೀವೂ ಅಮೆರಿಕದಲ್ಲಿದ್ದರೆ, ಗೆಳೆಯರು ಪ್ರೀತಿಯಿಂದಲೇ ಬಂದೂಕು ಕೈಗಿಡಬಹುದು. ಮೊದಲು ಇಮಿಗ್ರೇಶನ್ ವಕೀಲರನ್ನು ಕೇಳಿ. ಬೇಟೆ ಸೀಸನ್‌ನಲ್ಲಿ ಕಾಡಿಗೆ ಹೋದರೆ ಎದ್ದು ಕಾಣೋ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಳ್ಳಿ.

ನಾವಂತೂ ಮೀನು ಹಿಡಿಯೋ ಪರ್ಮಿಟ್ ಮಾಡಿಸಿದ್ದೇವೆ. ಮುಂದಿನ ಶನಿವಾರ ಗಾಳ ಹಿಡಿದು ಅದೇ ಕೆರೆಗೆ.