ಮಾಲ್ಟಾ: ಕಲ್ಲಿಗೆ ಬರವಿಲ್ಲ, ನೀರಿಗೆ ಬರ

ಇಟಲಿಯ ಸಿಸಿಲಿಯಿಂದ ಸುಮಾರು 90 ಕಿ.ಮೀ. ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದ ನಡುವೆ ಇದೆ ಮಾಲ್ಟಾ. ಪಕ್ಕದ ಗೋಜೊ, ಕೊಮಿನೊ ದ್ವೀಪಗಳನ್ನು ಸೇರಿಸಿದರೂ ಇಡೀ ದೇಶ 316 ಚದರ ಕಿ.ಮೀ. ಅಂದ್ರೆ ನಮ್ಮ ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ! ಹೇಳಿಕೊಳ್ಳೋಕೆ ಒಂದು ನದಿಯಿಲ್ಲ. ಎಲ್ಲಿ ನೋಡಿದರೂ ಜೇನುಬಣ್ಣದ ಸುಣ್ಣಕಲ್ಲು. ಅಲ್ಲಿನವರು ಆ ಕಲ್ಲಿನಲ್ಲಿ ಏನು ಬೇಕಾದರೂ ಕಟ್ಟಿದರು. ಕಷ್ಟವಾಗಿದ್ದು ಅನ್ನ, ನೀರಿಗೆ.

ಗೋಜೊದಲ್ಲಿರುವ ಜ್ಗಂತಿಯಾ ದೇಗುಲಗಳು ಈಜಿಪ್ಟಿನ ಪಿರಮಿಡ್ಡುಗಳಿಗಿಂತಲೂ ಹಳೆಯವು. ವಯಸ್ಸು 5000 ವರ್ಷಕ್ಕೂ ಹೆಚ್ಚು. ಇಷ್ಟು ದೊಡ್ಡ ಬಂಡೆಗಳನ್ನು ಹೊತ್ತವರು ಯಾರು? ಒಬ್ಬ ರಾಕ್ಷಸಿ, ಕೂಸನ್ನು ಹೆಗಲಿಗೆ ಹಾಕಿಕೊಂಡೇ ಹೊತ್ತಳು ಅಂತ ಜನಪದ ಕಥೆ. ಆಕೆ ತಿನ್ನುತ್ತಿದ್ದದ್ದು ಬರೀ ಬೀನ್ಸ್ ಕಾಳು ಮತ್ತು ಜೇನುತುಪ್ಪವಂತೆ. ಕಥೆಯಲ್ಲೂ ಊಟ ಅಷ್ಟಕ್ಕಷ್ಟೇ ನೋಡಿ!

1530ರಲ್ಲಿ ಸಂತ ಜಾನ್ ಪಂಥದ ಯೋಧರಾದ 'ನೈಟ್'ಗಳು ಇಲ್ಲಿಗೆ ಬಂದರು. 1565ರಲ್ಲಿ ತುರ್ಕಿಯ ಒಟ್ಟೊಮನ್ ಸೈನ್ಯ ಮುತ್ತಿಗೆ ಹಾಕಿ, ತಿಂಗಳುಗಟ್ಟಲೆ ಕಾದಾಡಿ, ಕೊನೆಗೆ ವಾಪಸಾಯಿತು. ಮರುವರ್ಷವೇ ನೈಟ್‌ಗಳ ಮುಖ್ಯಸ್ಥ ವಾಲೆಟ್ ಹೊಸ ಕೋಟೆನಗರಕ್ಕೆ ಅಡಿಗಲ್ಲು ಹಾಕಿದ. ಅದೇ ಇಂದಿನ ರಾಜಧಾನಿ ವಾಲೆಟ್ಟಾ. ಅಲ್ಲಿ ಪ್ರತಿ ಮನೆಯೂ ಮಳೆನೀರಿಗೆ ತೊಟ್ಟಿ ಮಾಡಿಕೊಳ್ಳಲೇಬೇಕು ಅಂತ ನಿಯಮವಿತ್ತು. ಮಳೆನೀರು ಕೊಯ್ಲು ಅಂತ ನಾವು ಈಗ ಮಾತಾಡೋದನ್ನು ಅವರು ಆಗಲೇ ಮಾಡಿದ್ದರು. ವಾಲೆಟ್ಟಾಗೆ ಹೋದವರು ಸಂತ ಜಾನ್ ಕೆಥೆಡ್ರಲ್ ಬಿಡಬೇಡಿ. ಹೊರಗೆ ಸಪ್ಪೆ, ಒಳಗೆ ಚಿನ್ನದ ಹೊಳಪು. ಚಿತ್ರಕಾರ ಕರವಾಜ್ಜೊ ಸಹಿ ಹಾಕಿದ ಒಂದೇ ಒಂದು ಚಿತ್ರವೂ ಅಲ್ಲೇ ಇದೆ.

ಆದರೆ ಮಾಲ್ಟಾದ ಜನ ಮರೆಯದ ಹಸಿವು 1942ರದು. ಆಗ ಅದು ಬ್ರಿಟಿಷರ ವಸಾಹತು. ಜರ್ಮನಿ, ಇಟಲಿಯ ವಿಮಾನಗಳು ಹಗಲಿರುಳೂ ಬಾಂಬ್ ಸುರಿಸುತ್ತಿದ್ದವು. ಏಪ್ರಿಲ್ 9ರಂದು ಮೋಸ್ತಾ ಊರಿನ ಚರ್ಚಿನ ಗುಮ್ಮಟ ತೂರಿಕೊಂಡು ಬಾಂಬೊಂದು ಒಳಗೆ ಬಿತ್ತು. ಪ್ರಾರ್ಥನೆಗೆ ಜನ ಸೇರಿದ್ದರು. ಅದು ಸಿಡಿಯಲೇ ಇಲ್ಲ! ಆ ಗುಮ್ಮಟ ಈಗಲೂ ಇದೆ. ಬಾಂಬಿಗಿಂತ ದೊಡ್ಡ ಕಷ್ಟ ರೇಷನ್ನಿನದು. ಹಡಗುಗಳು ಬರುವ ದಾರಿಯಲ್ಲೇ ಮುಳುಗುತ್ತಿದ್ದವು. ಸಾಮೂಹಿಕ ಅಡುಗೆಮನೆಗಳ ಮುಂದೆ ಪಾತ್ರೆ ಹಿಡಿದು ಹೆಂಗಸರು, ಮಕ್ಕಳು ಕ್ಯೂ ನಿಲ್ಲುತ್ತಿದ್ದರು. ಆಗಸ್ಟ್‌ನಲ್ಲಿ ಹೊರಟ 14 ಸರಕು ಹಡಗುಗಳಲ್ಲಿ ಮುಟ್ಟಿದ್ದು ಬರೀ ಐದು. ಕೊನೆಯದು, ಇಂಧನ ತುಂಬಿದ 'ಒಹಾಯೊ', ಮುಳುಗದಂತೆ ಎರಡೂ ಪಕ್ಕ ಯುದ್ಧನೌಕೆಗಳ ಆಸರೆ ಪಡೆದು ಬಂದರಿಗೆ ಬಂದದ್ದು ಆಗಸ್ಟ್ 15ರಂದು, ಮೇರಿ ಮಾತೆಯ ಹಬ್ಬದ ದಿನ. ಹಾಗಾಗಿ ಜನ ಅದನ್ನು ಸಾಂತಾ ಮರಿಯಾ ಹಡಗುಪಡೆ ಅಂತಲೇ ಕರೆಯುತ್ತಾರೆ. 1964ರಲ್ಲಿ ದೇಶ ಸ್ವತಂತ್ರವಾಯಿತು.

ಇನ್ನು ಊಟಕ್ಕೆ ಬರೋಣ. ಬ್ರೆಡ್ಡಿಗೆ ಮಾಲ್ಟೀಸ್‌ನಲ್ಲಿ 'ಹೊಬ್ಸ್' ಅಂತಾರೆ. ಗಲ್ಫ್‌ನಲ್ಲಿ ಇದ್ದು ಬಂದವರಿಗೆ ಕುಬ್ಬೂಸ್ ನೆನಪಾಯ್ತಾ? ಸರಿಯಾಗಿಯೇ ನೆನಪಾಗಿದೆ, ಆ ಭಾಷೆಯ ಬೇರು ಅರೇಬಿಕ್, ಲಿಪಿ ಮಾತ್ರ ರೋಮನ್. ಬಳೆಯಾಕಾರದ ಚಪ್ಪಟೆ ಬ್ರೆಡ್ 'ಫ್ತಿರಾ'ಕ್ಕೆ ಟೊಮೆಟೊ ಉಜ್ಜಿ, ಆಲಿವ್ ಎಣ್ಣೆ ಹಾಕಿ, ಟ್ಯೂನಾ ಮೀನು ಇಟ್ಟು ತಿನ್ನುತ್ತಾರೆ. 2020ರಲ್ಲಿ ಇದು ಯುನೆಸ್ಕೊ ಪಟ್ಟಿಗೂ ಸೇರಿತು. ಸಸ್ಯಾಹಾರಿಗಳು 'ಪಾಸ್ತಿತ್ಸಿ' ಕೇಳಿ: ಪದರ ಪದರದ ಗರಿಗರಿ ಹಿಟ್ಟಿನೊಳಗೆ ರಿಕೋಟಾ ಚೀಸ್ ಅಥವಾ ಅರೆದ ಬಟಾಣಿ. ನಮ್ಮ ಬೇಕರಿ ಪಫ್ಫಿನ ದಾಯಾದಿಯೇ ಸರಿ. ಮಾಂಸ ತಿನ್ನುವವರಿಗೆ ವೈನ್, ಬೆಳ್ಳುಳ್ಳಿ ಹಾಕಿ ನಿಧಾನಕ್ಕೆ ಬೇಯಿಸಿದ ಮೊಲದ ಸಾರು. ಒಂದು ಕಾಲಕ್ಕೆ ನೈಟ್‌ಗಳು ಮೊಲದ ಬೇಟೆಗೆ ನಿರ್ಬಂಧ ಹಾಕಿದ್ದರು. ಇವತ್ತು ಅದೇ ರಾಷ್ಟ್ರೀಯ ಖಾದ್ಯ.

ಊಟದ ಜೊತೆ ಬರುವ ನೀರು? ಈಗ ನಲ್ಲಿ ನೀರಿನ ಅರ್ಧಕ್ಕಿಂತ ಹೆಚ್ಚು ಪಾಲು ಉಪ್ಪು ತೆಗೆದ ಸಮುದ್ರದ ನೀರೇ. ರುಚಿ ಸ್ವಲ್ಪ ಬೇರೆ ಅಂತ ಅಲ್ಲಿಯವರೇ ಬಾಟಲಿ ನೀರು ಕೊಂಡುಕೊಳ್ಳುತ್ತಾರೆ.